ಕಾರ್ಬನ್ ಚಕ್ರಗಳ ಆಯ್ಕೆಯನ್ನು ಟೈರಿನಿಂದ ಆರಂಭಿಸಿ

ನಿಮ್ಮ ಡಿಸ್ಕ್ ಬ್ರೇಕ್ ರೋಡ್ ಬೈಕಿನ ಜೊತೆಗೇ ಬಂದ ಅಲ್ಯೂಮಿನಿಯಂ ಚಕ್ರಗಳನ್ನು ತೆಗೆದು 60 ಮಿ.ಮೀ. ಆಳದ (ಆಳವೆಂದರೆ ಟೈರಿನ ಅಂಚಿನಿಂದ ಚಕ್ರದ ನಡುವಿನ ಕಡೆಗೆ ರಿಮ್ಮಿನ ಎತ್ತರ), ಹುಕ್‌ಲೆಸ್, ಅಂದರೆ ಟೈರು ಹಿಡಿಯುವ ಕೊಕ್ಕೆಯಂಥ ಅಂಚಿಲ್ಲದ, ಕಾರ್ಬನ್ ಚಕ್ರಗಳನ್ನು ಹಾಕಿಸಬಹುದೇ ಎಂದು ಕೇಳಿದ್ದೀರಿ. ನಿಮ್ಮ ತೂಕ 78 ಕೆ.ಜಿ., ವಾರಾಂತ್ಯದ ಸವಾರಿ ಬೆಂಗಳೂರಿನ ಹೆಬ್ಬಾಳದಿಂದ ನಂದಿಬೆಟ್ಟಕ್ಕೆ, ಬೆಟ್ಟ ಏರುವ ಸಮಯ ತಗ್ಗಬೇಕೆಂಬುದು ಉದ್ದೇಶ ಎಂದೂ ಬರೆದಿದ್ದೀರಿ. ಕಾರ್ಬನ್ ಚಕ್ರಗಳನ್ನು ಧಾರಾಳವಾಗಿ ಕೊಳ್ಳಿ. ಆದರೆ ಆಳ 40ರಿಂದ 45 ಮಿ.ಮೀ., ಒಳ ಅಗಲ 21ರಿಂದ 23 ಮಿ.ಮೀ. ಇರುವ, ಟೈರು ಹಿಡಿಯುವ ಹುಕ್ ಇರುವ ರಿಮ್ಮನ್ನೇ ಆರಿಸಿ ಎಂಬುದು ನನ್ನ ಸಲಹೆ. ನಿಮ್ಮ ರಸ್ತೆಗೆ ಯಾವ ಟೈರು ಬೇಕು ಎಂಬುದು ಮೊದಲು ತೀರ್ಮಾನವಾದರೆ ಉಳಿದದ್ದು ತಾನಾಗಿಯೇ ನಿಶ್ಚಯವಾಗುತ್ತಾ ಹೋಗುತ್ತದೆ. ರಿಮ್ಮಿನ ಆಳ ಕಟ್ಟಕಡೆಗೆ ನೋಡಬೇಕಾದದ್ದು.

ಏರಿನ ಸಮಯದ ಲೆಕ್ಕವನ್ನು ಮೊದಲು ಮುಗಿಸಿಬಿಡುತ್ತೇನೆ. ಹಳೆಯ ಜೋಡಿ 1,900 ಗ್ರಾಂ, ಹೊಸದು 1,450 ಗ್ರಾಂ ಎಂದಿಟ್ಟುಕೊಂಡರೆ ಉಳಿಯುವುದು 450 ಗ್ರಾಂ. ನೀವು, ಸೈಕಲ್ಲು, ನೀರಿನ ಬಾಟಲಿ ಎಲ್ಲ ಸೇರಿ 88 ಕೆ.ಜಿ. ಆದರೆ ಅದು ಶೇಕಡಾ ಅರ್ಧದಷ್ಟು. ಕಡಿದಾದ ಏರಿನಲ್ಲಿ ಶಕ್ತಿಯ ಬಹುಪಾಲು ತೂಕ ಎತ್ತುವುದಕ್ಕೇ ಹೋಗುವುದರಿಂದ ಸಮಯವೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ತಗ್ಗುತ್ತದೆ, ಅಂದರೆ 35 ನಿಮಿಷದ ಏರಿಗೆ ಹತ್ತು ಸೆಕೆಂಡಿನಷ್ಟು. ರಿಮ್ಮಿನ ತೂಕ ಇಳಿಸಿದರೆ ದುಪ್ಪಟ್ಟು ಲಾಭ ಎಂಬ ಮಾತು ವೇಗ ಹೆಚ್ಚಿಸುವ ಹೊತ್ತಿಗೆ ಮಾತ್ರ ಸಲ್ಲುತ್ತದೆ. ಒಂದೇ ವೇಗದಲ್ಲಿ ಏರುತ್ತಿರುವಾಗ ರಿಮ್ಮಿನ ಒಂದು ಗ್ರಾಮೂ ಬಾಟಲಿಯ ಒಂದು ಗ್ರಾಮೂ ಒಂದೇ. ಕಾರ್ಬನ್ನಿನ ನಿಜವಾದ ಪ್ರಯೋಜನ ನಿಮಗೆ ಸಿಗುವುದು ಬೆಟ್ಟದ ಬುಡದವರೆಗಿನ ಉದ್ದನೆಯ ಸಪಾಟು ದಾರಿಯಲ್ಲಿ, ಏಕೆಂದರೆ ಗಾಳಿಯನ್ನು ಸೀಳುವಷ್ಟು ಆಳದ ರಿಮ್ಮನ್ನು ಅಲ್ಯೂಮಿನಿಯಂನಲ್ಲಿ ಮಾಡಿದರೆ ಅದು ವಿಪರೀತ ಭಾರವಾಗುತ್ತದೆ.

ಇನ್ನು ಟೈರು. ಸರ್ವಿಸ್ ರಸ್ತೆಯ ಗುಂಡಿಗಳು, ಮೇಲ್ಸೇತುವೆಯ ಸಂದುಗಳು, ಬಣ್ಣವೇ ಬಳಿಯದ ಹಂಪುಗಳು ಇರುವ ದಾರಿಗೆ 25 ಮಿ.ಮೀ. ಟೈರು ಸಾಲದು. ಫ್ರೇಮಿನಲ್ಲಿ ಜಾಗವಿದ್ದರೆ 30, ಇಲ್ಲದಿದ್ದರೆ 28 ಹಾಕಿ; ಅಗಲವಾದ ರಿಮ್ಮಿನ ಮೇಲೆ 28ರ ಟೈರು ಸುಮಾರು 30ಕ್ಕೆ ಹಿಗ್ಗುವುದರಿಂದ ಜಾಗವನ್ನು ಅಳೆದು ನೋಡಿಯೇ ಕೊಳ್ಳಬೇಕು. ಹುಕ್‌ಲೆಸ್ ಬೇಡವೆನ್ನುವುದಕ್ಕೆ ಕಾರಣ ಇಲ್ಲಿಯೇ ಇದೆ. ಅಂಥ ರೋಡ್ ರಿಮ್ಮಿನಲ್ಲಿ ಗಾಳಿಯ ಒತ್ತಡ 5 ಬಾರ್, ಅಂದರೆ 72.5 ಪಿಎಸ್‌ಐ ಮೀರುವಂತಿಲ್ಲ. ನಿಮ್ಮ ತೂಕಕ್ಕೆ 28ರ ಟೈರಿನಲ್ಲಿ 65ರಿಂದ 70 ಪಿಎಸ್‌ಐ ಬೇಕಾಗುತ್ತದೆ. ಮನೆಯ ಪಂಪಿನ ಮುಳ್ಳು ನಾಲ್ಕೈದು ಪಿಎಸ್‌ಐ ತಪ್ಪು ತೋರಿಸಿದರೂ ಮಿತಿ ದಾಟಿಬಿಡಬಹುದು. ಜೊತೆಗೆ, ಒಳಗೆ ಟ್ಯೂಬು ಹಾಕಿದರೂ ಟ್ಯೂಬ್‌ಲೆಸ್ ಟೈರೇ ಬೇಕು, ಅದೂ ರಿಮ್ ತಯಾರಕರು ಒಪ್ಪಿದ್ದೇ ಆಗಿರಬೇಕು. ದೇವನಹಳ್ಳಿಯ ಆಚೆ ಟೈರು ಹರಿದರೆ ಸಿಕ್ಕ ಟೈರನ್ನು ಹಾಕಿಕೊಂಡು ಮನೆ ಸೇರುವ ಅನುಕೂಲ ಹುಕ್ ಇರುವ ರಿಮ್ಮಿಗೆ ಮಾತ್ರ ಉಂಟು. 2024ರ ಫೆಬ್ರವರಿಯಲ್ಲಿ ಯುಎಇ ಟೂರ್ ಸೈಕಲ್ ಪಂದ್ಯದಲ್ಲಿ ಬೆಲ್ಜಿಯಂನ ಸವಾರ ಥಾಮಸ್ ಡೆ ಗೆಂಟ್ ಅವರ ಹುಕ್‌ಲೆಸ್ ರಿಮ್ಮಿನಿಂದ ಟೈರು ಕಳಚಿ ಅವರು ಬಿದ್ದ ಮೇಲೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವೇ ಈ ವಿಷಯವನ್ನು ಪರಿಶೀಲಿಸಲು ಮುಂದಾಯಿತು. ಮೆಕ್ಯಾನಿಕ್‌ಗಳ ತಂಡವನ್ನೇ ಬೆನ್ನಿಗಿಟ್ಟುಕೊಂಡ ವೃತ್ತಿಪರರ ವಿಷಯದಲ್ಲೇ ಇಂಥ ಪ್ರಶ್ನೆ ಏಳುವಾಗ ನಾವು ಇನ್ನಷ್ಟು ಎಚ್ಚರವಾಗಿರುವುದು ಒಳ್ಳೆಯದು.

ಆಳದ ಪ್ರಶ್ನೆಯನ್ನು ನಿಮ್ಮ ದಾರಿಯೇ ಬಗೆಹರಿಸುತ್ತದೆ. ಹೆಬ್ಬಾಳದಿಂದ ನೀವು ಹಿಡಿಯುವ ಬಳ್ಳಾರಿ ರಸ್ತೆ ಉತ್ತರಕ್ಕೆ ಸಾಗುತ್ತದೆ, ಆಷಾಢದ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಹೋಗುವಾಗ ಎಡಪಕ್ಕೆಗೆ, ಬರುವಾಗ ಬಲಪಕ್ಕೆಗೆ ಅದು ನೇರವಾಗಿ ಬಡಿಯುತ್ತದೆ. ಮುಂದಿನ ರಿಮ್ ಆಳವಾದಷ್ಟೂ ಗಾಳಿ ಹ್ಯಾಂಡಲನ್ನೇ ತಿರುಗಿಸಲು ಹವಣಿಸುತ್ತದೆ. ಪಕ್ಕದಲ್ಲಿ ಲಾರಿಯೊಂದು ಹಾದುಹೋಗುವಾಗ ಗಾಳಿ ಅಸ್ತವ್ಯಸ್ತವಾಗಿ, ಮರುಕ್ಷಣವೇ ಮತ್ತೆ ಪೂರ್ತಿ ರಭಸದಿಂದ ಬೀಸುತ್ತದೆ. ಆಗ 60 ಮಿ.ಮೀ. ಚಕ್ರ ಒಂದು ಮೊಳದಷ್ಟು ಪಕ್ಕಕ್ಕೆ ಸರಿದುಬಿಡಬಹುದು. ಹಿಂದಿನ ಚಕ್ರ ಹ್ಯಾಂಡಲಿಗೆ ಅಂಟಿಕೊಂಡಿಲ್ಲವಾದ್ದರಿಂದ ಅಂಥ ತೊಂದರೆ ಕೊಡುವುದಿಲ್ಲ. ಆಳದ ನೋಟವೇ ನಿಮಗೆ ಇಷ್ಟವಾದರೆ ಹಿಂದೆ 50, ಮುಂದೆ 40 ಇರುವ ಜೋಡಿಯನ್ನು ನಾನು ಸಂತೋಷದಿಂದಲೇ ಶಿಫಾರಸು ಮಾಡುತ್ತೇನೆ.

ನಿಮ್ಮದು ಡಿಸ್ಕ್ ಬ್ರೇಕ್ ಆಗಿರುವುದು ದೊಡ್ಡ ಅನುಕೂಲ. ರಿಮ್ ಬ್ರೇಕ್ ಆಗಿದ್ದಿದ್ದರೆ ನಂದಿಯ ಹೇರ್‌ಪಿನ್ ತಿರುವುಗಳಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿಯುವಾಗ ಹುಟ್ಟುವ ಕಾವಿಗೆ ಕಾರ್ಬನ್ನಿನ ಅಂಟು ಮೆದುವಾಗುವ ಭಯವಿತ್ತು, ಆಗ ನಾನು ಕಾರ್ಬನ್ನನ್ನೇ ಬೇಡವೆನ್ನುತ್ತಿದ್ದೆ.

ಚಕ್ರದ ನಡುವಿನ ಹಬ್‌ನಲ್ಲಿ ನಿಮ್ಮ ಕ್ಯಾಸೆಟ್ಟಿಗೆ (ಹಿಂದಿನ ಗೇರುಗಳ ಗೊಂಚಲಿಗೆ) ಹೊಂದುವ ಫ್ರೀಹಬ್, ಅಂದರೆ ಕ್ಯಾಸೆಟ್ ಕೂರುವ ಭಾಗ ಇದೆಯೇ, ಆಕ್ಸಲ್ ಅಳತೆ ಮುಂದೆ 12×100, ಹಿಂದೆ 12×142 ಮಿ.ಮೀ. ಇದೆಯೇ ಎಂದು ನಿಮ್ಮ ಫ್ರೇಮಿನೊಂದಿಗೆ ತಾಳೆ ನೋಡಿ. ಕಡ್ಡಿಗಳು ಸ್ಟೀಲಿನವೇ ಇರಲಿ, ಕಡ್ಡಿಯನ್ನು ಬಿಗಿಮಾಡುವ ನಿಪ್ಪಲ್‌ಗಳು ರಿಮ್ಮಿನ ಹೊರಗೇ ಕಾಣುವಂತಿರಲಿ. ಒಳಗೆ ಅಡಗಿದ್ದರೆ ಸಣ್ಣ ಡೊಂಕು ತೆಗೆಯುವುದಕ್ಕೂ ಟೈರು ಬಿಚ್ಚಿ, ರಿಮ್ಮಿನ ಟೇಪು ಕಿತ್ತು, ಟ್ಯೂಬ್‌ಲೆಸ್ ಟೈರಿನೊಳಗೆ ತೂತು ಮುಚ್ಚಲೆಂದು ಹಾಕುವ ದ್ರವವಾದ ಸೀಲಂಟನ್ನು ಚೆಲ್ಲಬೇಕಾಗುತ್ತದೆ. ಅದೇ ಅಳತೆಯ ನಾಲ್ಕು ಕಡ್ಡಿಗಳನ್ನು ಚಕ್ರದ ಜೊತೆಗೇ ಕೇಳಿ ಪಡೆಯಿರಿ. ಗುಂಡಿಗೆ ಬಡಿದಾಗ ಅಲ್ಯೂಮಿನಿಯಂ ರಿಮ್ ತಗ್ಗಾಗಿ ಕಣ್ಣಿಗೆ ಕಾಣುತ್ತದೆ, ಕಾರ್ಬನ್ ರಿಮ್ ಸೀಳುತ್ತದೆ, ಸೀಳು ಎಷ್ಟೋ ಸಲ ಕಾಣುವುದೂ ಇಲ್ಲ. ಆದ್ದರಿಂದ ಜೋರಾದ ಪೆಟ್ಟು ಬಿದ್ದ ದಿನ ರಿಮ್ಮನ್ನು ಒರೆಸಿ, ಕಡ್ಡಿಯ ತೂತುಗಳ ಸುತ್ತ ಕೂದಲೆಳೆಯಂಥ ಗೆರೆ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಬೆರಳ ಗೆಣ್ಣಿನಿಂದ ಸುತ್ತಲೂ ತಟ್ಟಿ. ಒಂದು ಕಡೆ ಮಾತ್ರ ಸದ್ದು ಮಂಕಾಗಿ ಕೇಳಿದರೆ ಆ ಚಕ್ರವನ್ನು ಬಲ್ಲವರು ನೋಡುವ ತನಕ ಓಡಿಸಬೇಡಿ. ಪೆಟ್ಟು ಬಿದ್ದ ರಿಮ್ಮನ್ನು ರಿಯಾಯಿತಿ ದರದಲ್ಲಿ ಬದಲಿಸಿಕೊಡುವ ಭರವಸೆಯನ್ನು ಕೊಡುವ, ಇಲ್ಲಿಯೇ ಮಾರಾಟಗಾರರಿರುವ ತಯಾರಕರಿಗೆ ಸ್ವಲ್ಪ ಹೆಚ್ಚು ಹಣ ತೆತ್ತರೂ ಅಡ್ಡಿಯಿಲ್ಲ. ಮೊದಲ ಸವಾರಿಗೆ ಮುನ್ನ 80 ಮಿ.ಮೀ. ವಾಲ್ವಿನ ಟ್ಯೂಬು ಎರಡನ್ನು ತಂದಿಟ್ಟುಕೊಳ್ಳಿ, ಏಕೆಂದರೆ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ 48 ಮಿ.ಮೀ. ವಾಲ್ವು 45ರ ರಿಮ್ಮಿನಿಂದ ಪಂಪು ಕಚ್ಚಿಕೊಳ್ಳುವಷ್ಟು ಹೊರಗೆ ಬರುವುದಿಲ್ಲ.