ನಿಮ್ಮ ಟೇಪಿನಲ್ಲೇ ಗಣಿತ ಇದೆ, ತಂಗೀ

ಸವಣೂರು ತಾಲ್ಲೂಕಿನ ಹಳ್ಳಿಯೊಂದರಿಂದ ಒಬ್ಬ ತಾಯಿ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಪತ್ರದ ಸಾರ ಇಷ್ಟು: ಮಳೆ ಜೋರಾಗಿ ಶಾಲೆಗೆ ರಜೆ ಕೊಟ್ಟರು. ಒಂದು ದಿನದ ರಜೆ ವಾರದವರೆಗೆ ಎಳೆಯಿತು. ಮಗಳು ನಾಲ್ಕನೇ ಇಯತ್ತೆ, ಮಗ ಒಂದನೇ. ಶಾಲೆಯವರು ವಾಟ್ಸಾಪಿನಲ್ಲಿ ಅಭ್ಯಾಸದ ಹಾಳೆ ಕಳಿಸುತ್ತಲೇ ಇದ್ದಾರೆ. ಇರುವ ಒಂದು ಫೋನು ಬೆಳಿಗ್ಗೆಯೇ ಯಜಮಾನರ ಕಿಸೆಯಲ್ಲಿ ಹುಬ್ಬಳ್ಳಿಗೆ ಹೋಗುತ್ತದೆ. ದುಡ್ಡು ಕಟ್ಟಿ ಯಾವುದಾದರೂ ಆ್ಯಪ್ ಹಾಕಿಸೋಣ ಎನ್ನುವುದು ಯಜಮಾನರ ಮಾತು. ‘ನಾನು ಓದಿದ್ದು ಏಳನೇ ಇಯತ್ತೆ. ಮನೆಯಲ್ಲಿ ಹೊಲಿಗೆ ಮಾಡ್ತೀನಿ. ನನಗೇನು ಕಲಿಸೋಕೆ ಬರುತ್ತೆ ಸರ್?’

ಯಜಮಾನರ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಫೋನಿನಲ್ಲಿ ಒಳ್ಳೆಯ ಪಾಠಗಳಿವೆ, ಇಲ್ಲ ಅನ್ನುವುದಿಲ್ಲ. ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ದೀಕ್ಷಾ ಆ್ಯಪಿನಲ್ಲಿ ಪುಕ್ಕಟೆ ಸಿಗುತ್ತವೆ. ಸಂಜೆ ಅವರೇ ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತು ತೋರಿಸಲಿ. ದುಡ್ಡು ಕಟ್ಟುವುದು ಬೇಡ.

ನನಗೆ ಸಿಟ್ಟು ಬಂದದ್ದು ನಿಮ್ಮ ಕೊನೆಯ ಸಾಲಿಗೆ. ಹೊಲಿಗೆ ಮಾಡುವವರು ಹೀಗೆ ಬರೆಯಬಹುದೇ? ಎದೆ ಸುತ್ತಳತೆ 36 ಇಂಚು ಇದ್ದರೆ ಕಾಲು ಭಾಗ 9 ಎಂದು ಗುರುತು ಹಾಕಿ, ಹೊಲಿಗೆಗೆ ಅಂತ ಮೇಲೆ ಸ್ವಲ್ಪ ಬಿಡುತ್ತೀರಿ, ಅಲ್ವಾ? 34 ಆದರೆ ಎಂಟೂವರೆ. 33 ಆದರೆ ಎಂಟೂಕಾಲು. ಕಾಗದ ಪೆನ್ಸಿಲ್ ಇಲ್ಲದೆ ಹೇಳುತ್ತೀರಿ. ಮಗಳ ಪುಸ್ತಕದಲ್ಲಿ ಭಿನ್ನರಾಶಿ ಅಂತ ಇರುವುದು ಇದೇ ತಂಗೀ! ಅಲ್ಲಿ ದುಂಡಗೆ ಬರೆದು ಕಾಲು ಭಾಗಕ್ಕೆ ಬಣ್ಣ ಹಚ್ಚಿಸುತ್ತಾರೆ. ನಿಮ್ಮಲ್ಲಿ ಲೆಕ್ಕ ತಪ್ಪಿದರೆ ಬ್ಲೌಸು ಮೈಗೆ ಹತ್ತುವುದಿಲ್ಲ. ಯಾವ ಪಾಠ ನೆನಪಿರುತ್ತದೆ, ನೀವೇ ಹೇಳಿ. ಹಳೆಯ ಪೇಪರ್ ಕೊಟ್ಟು ಗೊಂಬೆಗೊಂದು ಅಂಗಿ ಕತ್ತರಿಸಲು ಬಿಡಿ. ಟೇಪಿನಲ್ಲಿ ಇಂಚೂ ಇದೆ, ಸೆಂಟಿಮೀಟರೂ ಇದೆ. ಒಂದು ಇಂಚಿಗೆ ಎಷ್ಟು ಸೆಂಟಿಮೀಟರ್ ಎಂದು ಅವಳೇ ಹುಡುಕಲಿ. ನೀವು ಸುಮ್ನೆ ಇರಿ. ಅದೇ ಕಷ್ಟದ ಕೆಲಸ.

ರಜೆ ಕೊಡಿಸಿದ್ದು ಮಳೆ ತಾನೆ? ಅದನ್ನೇ ಅಳೆಯಲಿ. ತಳದಿಂದ ಬಾಯಿವರೆಗೆ ಒಂದೇ ಅಗಲ ಇರುವ ಡಬ್ಬಿಯನ್ನು ಮಾಳಿಗೆ ನೀರು ಸಿಡಿಯದ ಕಡೆ ಬಯಲಲ್ಲಿ ಇಡಿ. ಬೆಳಿಗ್ಗೆ ಸ್ಕೇಲ್ ಇಳಿಸಿ ನೋಡಲಿ. ಡಬ್ಬಿ ದೊಡ್ಡದಾದರೂ ಸಣ್ಣದಾದರೂ ಅಳತೆ ಒಂದೇ ಬರುತ್ತದೆ. ‘ಅದ್ಹೇಗೆ?’ ಅಂತ ಅವಳು ಕೇಳಿದರೆ ಅವತ್ತಿನ ಮಟ್ಟಿಗೆ ಬೇರೆ ಪಾಠ ಬೇಕಿಲ್ಲ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ಒಂದು ಗುಂಟೆ ಸುಮಾರು 101 ಚದರ ಮೀಟರ್. 20 ಮಿಲಿಮೀಟರ್ ಬಿದ್ದರೆ ಗುಂಟೆಗೆ ಎರಡು ಸಾವಿರ ಲೀಟರ್ ದಾಟಿತು. ಎಕರೆಗೆ 40 ಗುಂಟೆ, ನಿಮ್ಮ ಹೊಲದ ಲೆಕ್ಕ ಅವಳೇ ಹಾಕಲಿ. ಅತ್ತೆಯವರು ಏನು ಹೇಳುತ್ತಾರೆ, ಅದನ್ನೂ ಬರೆದುಕೊಳ್ಳಲಿ. ‘ರೋಹಿಣಿ ಮಳೆಗೆ ಓಣಿಯೆಲ್ಲಾ ಜೋಳ’, ‘ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು’. ಇಂಥವು ಅವರ ಬಾಯಲ್ಲಿ ಎಷ್ಟಿವೆಯೋ! ಶುದ್ಧಬರಹಕ್ಕೆ ಇದಕ್ಕಿಂತ ಏನು ಬೇಕು?

ಸಣ್ಣವನನ್ನು ಅಕ್ಕನಿಗೆ ಒಪ್ಪಿಸಿ. ಸರ್ಕಾರಿ ಶಾಲೆಯ ನಲಿ-ಕಲಿ ನಡೆಯುವುದೇ ಹಾಗೆ. ಒಂದರಿಂದ ಮೂರನೇ ಇಯತ್ತೆಯ ಮಕ್ಕಳು ಒಟ್ಟಿಗೆ ಕೂತು ಕಾರ್ಡು ಹಿಡಿದು ಒಬ್ಬರಿಂದೊಬ್ಬರು ಕಲಿಯುತ್ತಾರೆ. ಅದು 1995ರಲ್ಲಿ ಎಚ್.ಡಿ. ಕೋಟೆಯ ಹಳ್ಳಿ ಶಾಲೆಗಳಲ್ಲಿ ಹುಟ್ಟಿದ್ದು, ಯಾವ ಕಂಪನಿಯ ಆ್ಯಪಿನಲ್ಲೂ ಅಲ್ಲ. ನೀವು ರಾತ್ರಿ ಊಟವಾದ ಮೇಲೆ ಒಂದು ಕನ್ನಡ ಕತೆ ಗಟ್ಟಿಯಾಗಿ ಓದಿ. ತಡವರಿಸಿದರೂ ಓದಿ. ನಮ್ಮ ಓಣಿಯಲ್ಲೊಬ್ಬ ನಿವೃತ್ತ ಮಾಸ್ತರರಿದ್ದರು. ಪಾಲಕರಿಗೆ ಹೇಳುತ್ತಿದ್ದರು: ‘ನೀವು ಮಾಸ್ತರ ಆಗಬ್ಯಾಡ್ರಿ. ಮನ್ಯಾಗೂ ಮಾಸ್ತರ ಕುಂತ್ರ ಹುಡುಗ ಎಲ್ಲಿಗಿ ಓಡಬೇಕು?’

ಓದಲು ಪುಸ್ತಕ ಎಲ್ಲಿದೆ ಎಂದು ಕೇಳುತ್ತೀರಿ. ನನ್ನ ನಿಜವಾದ ಸಂಕಟ ಅಲ್ಲೇ ಇದೆ. ಶಾಲೆ ಮುಚ್ಚುವುದು ಈಗ ಹೊಸದಲ್ಲ. 2019ರ ಆಗಸ್ಟಿನಲ್ಲಿ ನೆರೆ ಬಂತು. 2020ರಲ್ಲಿ ಕೊರೊನಾ. 2025ರ ಅಕ್ಟೋಬರಿನಲ್ಲಿ ಮಾಸ್ತರರಿಗೆ ಹಚ್ಚಿದ್ದ ಜಾತಿ ಸಮೀಕ್ಷೆ ಮುಗಿಯಲಿಲ್ಲ ಅಂತ ದಸರಾ ರಜೆಯನ್ನೇ 18ರವರೆಗೆ ಎಳೆದರು. ಮಳೆ ನಮ್ಮ ಕೈಯಲ್ಲಿಲ್ಲ, ಮಾಸ್ತರರನ್ನು ಮನೆ ಮನೆಗೆ ಅಲೆಸುವುದು ನಮ್ಮ ಕೈಯಲ್ಲೇ ಇತ್ತಲ್ಲ? ಕೊರೊನಾ ಕಾಲದಲ್ಲಿ ವಿದ್ಯಾಗಮ ಅಂತ ಶಿಕ್ಷಕರು ಗುಡಿಕಟ್ಟೆ, ಮರದ ನೆರಳಲ್ಲಿ ಪಾಠ ಮಾಡಿದರು. ಆಗಸ್ಟಿನಲ್ಲಿ ಶುರುವಾಗಿ ಅಕ್ಟೋಬರಿನಲ್ಲಿ ನಿಂತಿತು. ಅದೇ ವರ್ಷ ‘ಓದುವ ಬೆಳಕು’ ಅಂತ ಗ್ರಾಮ ಪಂಚಾಯ್ತಿ ಗ್ರಂಥಾಲಯಗಳು ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಕೊಟ್ಟವು. ಈಗ ಅವಕ್ಕೆ ಅರಿವು ಕೇಂದ್ರ ಎಂಬ ಬೋರ್ಡು ಬಂದಿದೆ. ಪೇಟೆಯವರು ಆಸ್ತಿ ತೆರಿಗೆಯ ಜೊತೆ ನೂರಕ್ಕೆ ಆರು ರೂಪಾಯಿ ಗ್ರಂಥಾಲಯ ಕರ ಕಟ್ಟುತ್ತೇವೆ. ಕಟ್ಟಿದ ಹಣವೆಲ್ಲ ಪುಸ್ತಕವಾಗಿ ಕಪಾಟು ಸೇರಿದ್ದರೆ ನಿಮ್ಮಂಥವರಿಗೆ ಆ್ಯಪಿನ ಚಿಂತೆ ಹತ್ತುತ್ತಿರಲಿಲ್ಲ.

ಮಳೆ ಹೊಳವಾದಾಗ ಮಕ್ಕಳನ್ನು ಕರೆದುಕೊಂಡು ನಿಮ್ಮ ಊರಿನ ಅರಿವು ಕೇಂದ್ರಕ್ಕೆ ಹೋಗಿ. ಸದಸ್ಯತ್ವ ಕೇಳಿ. ಶಾಲೆಗೆ ರಜೆ ಇದೆ ಅಂತ ಅದಕ್ಕೂ ಬೀಗ ಹಾಕಿದ್ದರೆ ನನಗೆ ಬರೆಯಿರಿ. ಆ ಪತ್ರಕ್ಕೆ ಊರಿನ ಹೆಸರು ಹಾಕಿಯೇ ಅಚ್ಚು ಮಾಡುತ್ತೇನೆ.

– ಸಂಪಾದಕ