500 ಸರಣಿಯ ಶಿಂಕಾನ್‌ಸೆನ್: ಹದಿನಾರು ಬೋಗಿಯೋ, ಎಂಟೋ?

ಎನ್ ಗೇಜ್ ಎಂಬ ಪುಟ್ಟ ಅಳತೆಯ ಮಾದರಿ ರೈಲುಗಳಲ್ಲಿ 500 ಸರಣಿಯ ಶಿಂಕಾನ್‌ಸೆನ್ (ಜಪಾನಿನ ಬುಲೆಟ್ ರೈಲು) ಕೊಳ್ಳುವುದಾದರೆ 16 ಬೋಗಿಯದ್ದು ಲೇಸೋ, 8 ಬೋಗಿಯದ್ದೋ ಎಂದು ಕೇಳಿದ್ದೀರಿ. ಅಷ್ಟು ವೇಗದ ರೈಲನ್ನು ನೊಜೊಮಿ ಎಂಬ ಅತಿವೇಗದ ಸೇವೆಯಿಂದ ಬೇಗನೆ ತೆಗೆದದ್ದೇಕೆ ಎಂಬ ಸಂದೇಹವನ್ನೂ ಮುಂದಿಟ್ಟಿದ್ದೀರಿ. ಎರಡನೆಯದು ತಿಳಿದರೆ ಮೊದಲನೆಯದನ್ನು ನಿರ್ಧರಿಸುವುದು ಸುಲಭ.

ಜಪಾನಿನ ರೈಲು ಕಂಪನಿ ಜೆಆರ್ ವೆಸ್ಟ್ ಇದಕ್ಕೂ ಮುನ್ನ ಓಡಿಸಿದ್ದ ಪ್ರಯೋಗ ರೈಲು ವಿನ್350, 1992ರಲ್ಲೇ ಗಂಟೆಗೆ 350.4 ಕಿ.ಮೀ. ಮುಟ್ಟಿತ್ತು. ಕಷ್ಟವಿದ್ದದ್ದು ಓಡಿಸುವುದರಲ್ಲಲ್ಲ, ಸದ್ದಡಗಿಸುವುದರಲ್ಲಿ. ಶಿನ್-ಒಸಾಕಾದಿಂದ ಹಕಾತಾಕ್ಕೆ ಹೋಗುವ ಸಾನ್ಯೊ ಮಾರ್ಗದ ಸುಮಾರು ಅರ್ಧದಷ್ಟು ಸುರಂಗಗಳೇ ಆಗಿದ್ದು, ರೈಲು ಒಳನುಗ್ಗಿದಾಗ ಒತ್ತಡಕ್ಕೆ ಸಿಲುಕಿದ ಗಾಳಿ ಇನ್ನೊಂದು ಬಾಯಲ್ಲಿ ಗುಡುಗಿನಂತೆ ಸಿಡಿಯುತ್ತಿತ್ತು. ಪಕ್ಷಿವೀಕ್ಷಕರೂ ಆಗಿದ್ದ ಎಂಜಿನಿಯರ್ ಏಜಿ ನಕಾತ್ಸು ಅವರಿಗೆ ನೀರು ಚಿಮ್ಮಿಸದೆ ಧುಮುಕುವ ಮಿಂಚುಳ್ಳಿಯ ಕೊಕ್ಕು ಇದಕ್ಕೆ ದಾರಿ ತೋರಿತು. ಸುಮಾರು 27 ಮೀಟರಿನ ಮುಂಬೋಗಿಯಲ್ಲಿ 15 ಮೀಟರು ಮೂತಿಯೇ ಆಯಿತು. ಮೇಲಿನ ತಂತಿಯಿಂದ ವಿದ್ಯುತ್ ಪಡೆಯುವ ಪ್ಯಾಂಟೋಗ್ರಾಫಿನ ಸದ್ದು ತಗ್ಗಿಸಲು ಗೂಬೆಯ ರೆಕ್ಕೆಯ ಗರಗಸದಂಥ ಅಂಚು ಆಧಾರವಾಯಿತು. 1997ರ ಮಾರ್ಚ್ 22ರಂದು ಸೇವೆಗಿಳಿದ 500 ಸರಣಿಯ ರೈಲು 300 ಕಿ.ಮೀ. ವೇಗದಲ್ಲಿ ಓಡಿ, ಶಿನ್-ಒಸಾಕಾದಿಂದ ಹಕಾತಾಕ್ಕೆ 2 ಗಂಟೆ 17 ನಿಮಿಷಗಳಲ್ಲಿ ತಲುಪಿಸುತ್ತಿತ್ತು. ನನ್ನ ಮಟ್ಟಿಗೆ ಇದಕ್ಕಿಂತ ಚೆಲುವಾದ ರೈಲು ಇನ್ನೊಂದಿಲ್ಲ.

ಆದರೆ ಆ ರೂಪವೇ ತೊಡಕೂ ಆಯಿತು. ಉದ್ದ ಮೂತಿಯಿಂದಾಗಿ ಚಾಲಕನ ಕಡೆಯ ಪ್ರಯಾಣಿಕರ ಬಾಗಿಲು ಇಲ್ಲವಾಯಿತು, ದುಂಡನೆಯ ಒಡಲಿನಿಂದ ಕಿಟಕಿ ಪಕ್ಕದ ಆಸನ ಇಕ್ಕಟ್ಟಾಯಿತು, ಬೋಗಿವಾರು ಆಸನಗಳ ಸಂಖ್ಯೆ ಇತರ ರೈಲುಗಳಿಗೆ ಹೊಂದದ ಕಾರಣ ಅದಲುಬದಲು ಮಾಡುವುದೂ ಕಷ್ಟವಾಯಿತು. ತಿರುವುಗಳು ಹೆಚ್ಚಿರುವ ಟೋಕಿಯೊ–ಶಿನ್-ಒಸಾಕಾ ನಡುವಣ ಟೊಕಾಯ್ದೊ ಮಾರ್ಗದಲ್ಲಿ ಅದೂ 270ಕ್ಕೇ ನಿಲ್ಲಬೇಕಿತ್ತು. ತಿರುವಿನಲ್ಲಿ ವಾಲಬಲ್ಲ ಎನ್700 ಸರಣಿ 2007ರಲ್ಲಿ ಬಂದ ಮೇಲೆ, 2010ರ ಫೆಬ್ರುವರಿಯಲ್ಲಿ ನೊಜೊಮಿಯಾಗಿ ಇದರ ಓಟ ಮುಗಿಯಿತು. ಇದನ್ನು ಸೋಲೆನ್ನಲಾಗದು, ಒಟ್ಟು ಒಂಬತ್ತು ರೈಲುಗಳಲ್ಲಿ ಎಂಟನ್ನು 8 ಬೋಗಿಗಳಿಗೆ ಮೊಟಕುಗೊಳಿಸಿ, 2008ರ ಡಿಸೆಂಬರಿನಿಂದಲೇ ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವ ಕೊಡಾಮಾ ಸೇವೆಗೆ ಹಚ್ಚತೊಡಗಿದ್ದರು.

ಇನ್ನು ನಿಮ್ಮ ಮಾದರಿಯ ವಿಚಾರ. 404 ಮೀಟರಿನ ಪೂರ್ಣ ರೈಲು 1:160ರ ಅಳತೆಯಲ್ಲಿ ಎರಡೂವರೆ ಮೀಟರಾಗುತ್ತದೆ, 8 ಬೋಗಿಯದ್ದು ಸುಮಾರು 1.3 ಮೀಟರು. ಗೋಡೆಯುದ್ದಕ್ಕೂ ಹಳಿ ಹಾಸುವಷ್ಟು ಜಾಗವಿದ್ದರೆ 16ರದ್ದನ್ನೇ ಕೊಳ್ಳಿರಿ. ಮೇಜಿನ ಮೇಲಾದರೆ ಕೊಡಾಮಾ ಸಾಕು. ದುಡ್ಡು ಕೊಡುವ ಮುನ್ನ ಚಾವಣಿಯನ್ನೊಮ್ಮೆ ನೋಡಿರಿ: ಮೂಲ ನೊಜೊಮಿಗಿದ್ದದ್ದು ದಪ್ಪ ಕಂಬದ ಮೇಲೆ ರೆಕ್ಕೆ ಚಾಚಿದಂಥ ಪ್ಯಾಂಟೋಗ್ರಾಫ್, ಕೊಡಾಮಾಕ್ಕೆ ಅಳವಡಿಸಿದ್ದು ಮಡಚಿಕೊಳ್ಳುವ ಒಂಟಿ ತೋಳಿನದು. ಹಳೆಯ ಸೆಟ್ಟಿನಿಂದ ಎಂಟು ಬೋಗಿ ಆರಿಸಿ ಕೊಡಾಮಾ ಎಂದು ಓಡಿಸಿದರೆ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಬಣ್ಣ ತಿದ್ದುವ ಉದ್ದೇಶವಿದ್ದರೆ ಕ್ಯೋಟೊ ರೈಲ್ವೆ ವಸ್ತುಸಂಗ್ರಹಾಲಯದಲ್ಲಿರುವ 521-1ನೇ ಮುಂಬೋಗಿಯ ಚಿತ್ರಗಳನ್ನು ಆಧಾರವಾಗಿಟ್ಟುಕೊಳ್ಳಿರಿ.