ಡೌನ್ ಜಾಕೆಟ್ ಒಗೆದ ಮೇಲೆ ಗಂಟುಗಂಟಾಗುವುದೇಕೆ? ಮನೆಯಲ್ಲೇ ಒಗೆಯಬಹುದೇ?

ಧಾರಾಳವಾಗಿ ಒಗೆಯಬಹುದು. ಗಂಟಾಗಿದ್ದರೆ ಬಹುತೇಕ ಜಾಕೆಟ್ ಹಾಳಾಗಿರುವುದಿಲ್ಲ, ಒಳಗೆ ಇನ್ನೂ ಒಣಗಿರುವುದಿಲ್ಲ ಅಷ್ಟೇ. ಒಳಗಿರುವುದು ಡೌನ್, ಅಂದರೆ ಬಾತುಕೋಳಿ ಅಥವಾ ಹೆಬ್ಬಾತಿನ ನವಿರಾದ ತುಪ್ಪಳ. ಅದರ ಎಳೆಗಳು ಅರಳಿ ನಡುವೆ ಗಾಳಿ ಹಿಡಿದಿಡುವುದರಿಂದಲೇ ಮೈ ಬೆಚ್ಚಗಿರುವುದು. ನೆನೆದರೆ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ.

ಮೊದಲು ಲೇಬಲ್ ನೋಡಿ. ಜಿಪ್ ಹಾಕಿ, ಫ್ರಂಟ್ ಲೋಡ್ ಮೆಷೀನಿನಲ್ಲಿ ಜಾಕೆಟ್ ಒಂದನ್ನೇ 30 ಡಿಗ್ರಿಯಲ್ಲಿ, ಡೆಲಿಕೇಟ್ ಸೈಕಲ್‌ನಲ್ಲಿ ಒಗೆಯಿರಿ. ಡೌನ್‌ಗೆಂದೇ ಸಿಗುವ ಲಿಕ್ವಿಡ್ ಬಳಸಿ. ಮಾಮೂಲಿ ಪೌಡರ್ ತುಪ್ಪಳದ ಸಹಜ ಜಿಡ್ಡನ್ನು ಕಿತ್ತುಹಾಕುತ್ತದೆ, ಸಾಫ್ಟನರಂತೂ ಬೇಡವೇ ಬೇಡ. ಎರಡು ಸಲ ಜಾಲಿಸಿ. ತೋಳು ಹಿಡಿದು ಎತ್ತಿದರೆ ನೀರಿನ ಭಾರಕ್ಕೆ ಒಳಹೊಲಿಗೆ ಹರಿದೀತು. ಕೆಳಗೆ ಎರಡೂ ಕೈ ಕೊಟ್ಟೇ ಎತ್ತಿ. ಹಿಂಡಬೇಡಿ.

ತಾಳ್ಮೆ ಬೇಕಾಗುವುದು ಒಣಗಿಸುವಾಗ. ಡ್ರೈಯರಿನ ಕಡಿಮೆ ಶಾಖದಲ್ಲಿ, ಎರಡು ಮೂರು ಶುಭ್ರವಾದ ಟೆನಿಸ್ ಚೆಂಡು ಹಾಕಿ 2–3 ಗಂಟೆ ತಿರುಗಿಸಿ. ಚೆಂಡು ಬಡಿದು ಮುದ್ದೆ ಒಡೆಯುತ್ತದೆ. ಅರ್ಧ ಗಂಟೆಗೊಮ್ಮೆ ತೆಗೆದು, ಉಳಿದ ಗಂಟುಗಳನ್ನು ಬೆರಳಲ್ಲಿ ಬಿಡಿಸಿ. ಡ್ರೈಯರ್ ಇಲ್ಲದಿದ್ದರೆ ಗಾಳಿಯಾಡುವ ನೆರಳಲ್ಲಿ ಹರಡಿ, ಆಗಾಗ ಮಗುಚುತ್ತಿರಿ. ಎರಡು ದಿನ ಹಿಡಿದರೂ ಹಿಡಿಯಬಹುದು.

ಹೊರಬಟ್ಟೆ ಬೇಗ ಒಣಗಿ ಮೋಸ ಮಾಡುತ್ತದೆ. ಬೆಳಕಿಗೆ ಹಿಡಿದಾಗ ಕಪ್ಪು ಉಂಡೆ ಕಂಡರೆ, ಅದರಲ್ಲೂ ಕಾಲರ್, ಕಂಕುಳ ಬಳಿ, ಇನ್ನೂ ಹಸಿಯಿದೆ ಎಂದರ್ಥ. ಹಾಗೇ ಮಡಿಚಿಟ್ಟರೆ ಮುಗ್ಗಲು ವಾಸನೆ ಖಂಡಿತ.